ಭರತನ ಜಿಂಕೆ, ಧರ್ಮರಾಜನ ನಾಯಿ

ಕಳೆದ ನರಕ ಚತುರ್ದಶಿಯ ಬೆಳಗಿನ ಜಾವ, ಅಭ್ಯಂಜನಕ್ಕೆ ನೀರು ಕಾಯುತ್ತಿದ್ದ ಹೊತ್ತಿನಲ್ಲಿ, ನಮ್ಮ ಮನೆಯ ನಾಯಿ ಪಟಾಕಿಯ ಸದ್ದಿಗೆ ಬೆದರಿ, ಹಾಲಿನವನಿಗಾಗಿ ತೆರೆದಿದ್ದ ಬಾಗಿಲಿನಿಂದ ನುಸುಳಿ, ಮೂರು ಮಹಡಿಗಳ ಮೆಟ್ಟಿಲಿಳಿದು ಸಿಂಹಗಡ ರಸ್ತೆಗೆ ಓಡಿತು. ಅಲ್ಲಿ ಟೆಂಪೋ ಒಂದು ಅದಕ್ಕೆ ಬಡಿದು ನಿಲ್ಲದೆ ಮುಂದೆ ಹೋಯಿತು. ಎಣ್ಣೆ ಹಚ್ಚಿದ ಮೈಯಲ್ಲಿಯೇ ನಾನು ಕೆಳಗಿಳಿದು ಹೋದಾಗ ಅದು ರಸ್ತೆಯ ಅಂಚಿನಲ್ಲಿ ಮುಂಗಾಲುಗಳನ್ನು ಊರಿ ಏಳಲು ಯತ್ನಿಸುತ್ತಿತ್ತು, ಹಿಂಭಾಗ ಏಳುತ್ತಿರಲಿಲ್ಲ.

ಮಠದ ಮಾಸಿಕದಲ್ಲಿ ನಾಯಿಯ ವಿಷಯವಾಗಿ ಬರೆಯುವುದು ಎಷ್ಟರಮಟ್ಟಿಗೆ ಉಚಿತ ಎಂಬ ಶಂಕೆ ವಾಚಕರಿಗೆ ಬಂದೀತು. ಬರೆಯುವ ನನಗೂ ಬಂದಿದೆ. ಆದರೆ ಅಂದಿನಿಂದ ಮೂರು ತಿಂಗಳ ಕಾಲ ನಮ್ಮ ಮನೆಯಲ್ಲಿ, ಮಠದ ಪಡಸಾಲೆಯಲ್ಲಿ ಹಾಗೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಸುತ್ತುತ್ತಲೇ ಇದೆ. ನಮ್ಮನ್ನು ನಂಬಿ ಬಂದ ಮೂಕಪ್ರಾಣಿಯ ಸೇವೆ ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ಮೋಹ? ಊರು ಬಿಟ್ಟು ಬಂದು ಪುಣೆಯ ಎರಡು ಕೋಣೆಗಳ ಮನೆಗಳಲ್ಲಿ ಸಂಸಾರ ಹೂಡಿರುವ ನಮ್ಮವರಲ್ಲಿ ಅನೇಕರ ಮನೆಗೆ ಮಕ್ಕಳ ಹಟದಿಂದ ನಾಯಿ ಬಂದಿದೆ. ಆದುದರಿಂದ ಈ ಪ್ರಶ್ನೆ ನನ್ನೊಬ್ಬನದಲ್ಲವೆಂದು ಭಾವಿಸಿದ್ದೇನೆ.

ನಮ್ಮಲ್ಲಿಯೂ ಹಾಗೆಯೇ ಬಂದದ್ದು. ನಾಲ್ಕು ವರ್ಷಗಳ ಹಿಂದೆ ಮೊಮ್ಮಗಳು ಮಳೆಯಲ್ಲಿ ತೊಯ್ದ ಬೀದಿಯ ಮರಿಯೊಂದನ್ನು ಶಾಲೆಯ ಚೀಲದಲ್ಲಿಟ್ಟುಕೊಂಡು ತಂದಳು. ನಾನು ವಿರೋಧಿಸಿದೆ. ಸೋತ ಮೇಲೆ ಕರಾರು ಹಾಕಿದೆ: ಪಡಸಾಲೆ ಮತ್ತು ಗ್ಯಾಲರಿ ಮಾತ್ರ ಅದರವು, ಅಡಿಗೆಮನೆ, ದೇವರ ಕೋಣೆ ಸರ್ವಥಾ ನಿಷಿದ್ಧ. ಮೋತಿ ಎಂದು ಹೆಸರಿಟ್ಟರು. ಅದು ಒಂದೇ ವಾರದಲ್ಲಿ ಆ ಗಡಿಯನ್ನು ಕಲಿತುಕೊಂಡು, ದೇವರ ಕೋಣೆಯ ಹೊಸ್ತಿಲಿಗೆ ನಾಲ್ಕು ಮೊಳ ಈಚೆಗೆ ಮುಂಗಾಲು ಚಾಚಿ, ಮಂಗಳಾರತಿಯ ಜಾಗಟೆ ನಿಲ್ಲುವವರೆಗೆ ಮಲಗಿರುತ್ತಿತ್ತು. ಈ ಮನೆಯಲ್ಲಿ ಮಡಿಯ ಗಡಿಯನ್ನು ಒಮ್ಮೆಯೂ ಮೀರದವರು ಅದೊಂದೇ ಎಂದು ನಮ್ಮ ಮನೆಯವರು ನನ್ನ ಎದುರಿಗೇ ಹೇಳುವುದುಂಟು.

ಆ ಬೆಳಿಗ್ಗೆ ಸಿಕ್ಕ ರಿಕ್ಷಾದವನು ರಕ್ತವನ್ನು ನೋಡಿ ಹಿಂಜರಿಯಲಿಲ್ಲ. ತನ್ನ ಟವೆಲನ್ನು ಹಾಸಿದ. ಅವನ ಗಾಡಿಯಲ್ಲಿ ಜೇಜುರಿಯ ಖಂಡೋಬಾನ ಚಿತ್ರವಿತ್ತು. ಅದರ ಮುಂದಿನ ಡಬ್ಬಿಯಿಂದ ಚಿಟಿಕೆ ಭಂಡಾರ ತೆಗೆದು ನಾಯಿಯ ಹಣೆಗೆ ಒತ್ತಿದ. ನಮ್ಮ ಕಡೆಯ ಮೈಲಾರನೇ ಇಲ್ಲಿಯ ಖಂಡೋಬಾ. ಅವನ ಸಂಗಡ ನಾಯಿಯುಂಟು. ನಮ್ಮ ಗೊರವಪ್ಪಗಳು ನಾಯಿಯಂತೆ ಬೊಗಳುತ್ತ ಭಿಕ್ಷೆ ಸ್ವೀಕರಿಸುವುದನ್ನು ಚಿಕ್ಕಂದಿನಲ್ಲಿ ಜಾತ್ರೆಗಳಲ್ಲಿ ಕಂಡಿದ್ದೇನೆ. ಬಾಡಿಗೆಯನ್ನು ಕೊಡಹೋದರೆ ಅವನು ಅರ್ಧವನ್ನು ಮಾತ್ರ ತೆಗೆದುಕೊಂಡ.

ಪಶುವೈದ್ಯರು ಕ್ಷಕಿರಣದ ಚಿತ್ರ ತೆಗೆಯಿಸಿದರು. ಸೊಂಟದ ಎಲುಬು ಎರಡು ಕಡೆ ಮುರಿದಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಬಾವು ಬಂದಿತ್ತು. ಅನಂತರ ಅವರು ಚಿಮಟಿಗೆಯಿಂದ ಹಿಂಗಾಲಿನ ಬೆರಳನ್ನು ಬಲವಾಗಿ ಹಿಸುಕಿದರು. ಕಾಲು ಹಿಂದಕ್ಕೆ ಸರಿಯಿತು. ನನಗೆ ಸಂತೋಷವಾಯಿತು. ಅವರು ತಲೆಯಾಡಿಸಿದರು. ಕಾಲು ಸರಿಯುವುದು ಬೆನ್ನುಹುರಿ ತಾನಾಗಿಯೇ ಮಾಡುವ ಕ್ರಿಯೆ, ಅದಕ್ಕೆ ಬೆಲೆಯಿಲ್ಲ. ನಾಯಿ ತಿರುಗಿ ನೋಡಬೇಕು, ಅಥವಾ ನರಳಬೇಕು, ಆಗ ನೋವು ಮೆದುಳಿಗೆ ಮುಟ್ಟಿತೆಂದು ಅರ್ಥ, ಎಂದರು. ಇನ್ನೊಮ್ಮೆ ಹಿಸುಕಿದರು. ಬಲಗಾಲಿಗೆ ನಾಯಿ ತಿರುಗಿ ನೋಡಿತು. ಎಡಗಾಲಿಗೆ ಬಹಳ ಹೊತ್ತಿನ ಮೇಲೆ ಕಿವಿಯನ್ನು ಮಾತ್ರ ಅಲುಗಿಸಿತು. ದುಃಖದ ಅನುಭವವೇ ಬದುಕುವ ಆಶೆಗೆ ಲಕ್ಷಣವೆಂಬ ಮಾತನ್ನು ನಾನು ಶಾಸ್ತ್ರಗ್ರಂಥಗಳಲ್ಲಿ ಓದಿದ್ದೆನಾದರೂ ಹೀಗೆ ಚಿಮಟಿಗೆಯ ತುದಿಯಲ್ಲಿ ಕಂಡಿರಲಿಲ್ಲ.

ಎರಡು ದಾರಿಗಳನ್ನು ಅವರು ಹೇಳಿದರು. ಆರರಿಂದ ಎಂಟು ವಾರ ಚಿಕ್ಕ ಜಾಗದಲ್ಲಿ ಕಟ್ಟುನಿಟ್ಟಾಗಿ ಮಲಗಿಸಿ ಶುಶ್ರೂಷೆ ಮಾಡುವುದು. ಎಲುಬು ತಾನಾಗಿ ಕೂಡೀತು, ನರದ ವಿಷಯ ಹೇಳಲಾಗದು. ಇಲ್ಲವಾದರೆ ಸೂಜಿಮದ್ದು ಕೊಟ್ಟು ನಿದ್ರೆಯಲ್ಲಿಯೇ ಮುಗಿಸುವುದು. ಸಂಜೆಯೊಳಗೆ ತಿಳಿಸಿರೆಂದರು.

ಆ ಮಧ್ಯಾಹ್ನ ನನಗೆ ನೆನಪಾದದ್ದು ಶಾಸ್ತ್ರವಲ್ಲ, ಒಬ್ಬ ಗ್ಯಾಂಗ್‌ಮನ್. 1986ರ ಮಾತು. ಆಗ ದಕ್ಷಿಣ ಮಧ್ಯ ರೇಲ್ವೆಯಲ್ಲಿದ್ದ ಹುಬ್ಬಳ್ಳಿ ವಿಭಾಗದ ಮಿರಜ–ಲೋಂಡಾ ಮಾರ್ಗ ಇನ್ನೂ ಮೀಟರ್‌ಗೇಜ್ ಇದ್ದಿತು. ತನಿಖೆಗೆ ಹೋದ ಒಂದು ಚಿಕ್ಕ ಸ್ಟೇಶನ್ನಿನ ಬಳಿ, ಗ್ಯಾಂಗ್ ಹಟ್‌ನ ನೆರಳಿನಲ್ಲಿ, ಗಾಡಿಗೆ ಸಿಕ್ಕು ಮುಂಗಾಲು ತುಂಡಾದ ನಾಯಿಯೊಂದು ಬಟ್ಟೆ ಸುತ್ತಿಸಿಕೊಂಡು ಮಲಗಿತ್ತು. ನೊಣಗಳು ಮುತ್ತಿದ್ದವು. ನಾನು ಹೊಸ ಅಧಿಕಾರಿ, ಇಪ್ಪತ್ತೇಳು ವರ್ಷ, ನೋಡಲಾರದೆ, "ಇದನ್ನು ಯಾಕೆ ಹೀಗೆ ನರಳಿಸುತ್ತೀರಿ? ಒಮ್ಮೆಗೇ ಮುಗಿಸಿಬಿಡಬಾರದೆ?" ಎಂದು ಗದರಿದೆ. ಅದೇ ದಯೆ ಎಂದು ನಾನು ನಿಜವಾಗಿಯೂ ತಿಳಿದಿದ್ದೆ. ಆ ಗ್ಯಾಂಗ್‌ಮನ್ ಎದ್ದು ನಿಂತು, ಕೈಕಟ್ಟಿ, "ಸಾಹೇಬ್ರ, ಅದು ಇನ್ನೂ ಊಟ ಬಿಟ್ಟಿಲ್ರಿ. ಊಟ ಬಿಟ್ಟ ದಿವಸ ನೋಡೂಣ್ರಿ" ಎಂದ. ಎರಡು ವರ್ಷಗಳ ನಂತರ ಆಷಾಢದ ಮಳೆಯ ರಾತ್ರಿಯಲ್ಲಿ ಅದೇ ಮಾರ್ಗದಲ್ಲಿ ಹೋಗುವಾಗ, ಕಂದೀಲು ಹಿಡಿದು ಹಳಿಯನ್ನು ನೋಡುತ್ತ ನಡೆದ ಗಸ್ತಿನವನ ಮುಂದೆ ಮೂರು ಕಾಲುಗಳಲ್ಲಿ ಕುಪ್ಪಳಿಸುತ್ತ ನಾಯಿಯೊಂದು ಸಾಗಿತ್ತು. ಗಾಡಿ ನಿಲ್ಲಲಿಲ್ಲ. ಅದೇ ನಾಯಿಯೆಂದು ಪ್ರಮಾಣ ಮಾಡಿ ಹೇಳಲಾರೆ; ನನ್ನ ಮಟ್ಟಿಗೆ ಅದೇ.

ಸಂಜೆ ನಮ್ಮ ಮನೆಯವರು ಬೆರಳಿನ ತುದಿಯಿಂದ ಮೊಸರನ್ನವನ್ನು ಮೋತಿಯ ಬಾಯಿಗೆ ಹಿಡಿದರು. ಎರಡು ತುತ್ತು ನೆಕ್ಕಿತು. ನಾನು ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಿದೆ.

ಮಗ, ಸೊಸೆ ಇಬ್ಬರೂ ಕಚೇರಿಗೆ ಹೋಗುವವರು. ನಿವೃತ್ತನಾದ ನನ್ನ ಪಾಲಿಗೆ ಶುಶ್ರೂಷೆ ಬಂತು. ಸೊಂಟ ಸ್ವಾಧೀನವಿಲ್ಲದ ಪ್ರಾಣಿಗೆ ಮೂತ್ರ ತಾನಾಗಿ ಹೋಗದು. ಹೊಟ್ಟೆಯ ಕೆಳಗೆ ಎರಡೂ ಕೈಗಳಿಂದ ಮೆಲ್ಲಗೆ ಒತ್ತಿ ದಿನಕ್ಕೆ ನಾಲ್ಕು ಸಲ ತೆಗೆಯಬೇಕು. ಬೆಳಗಿನ ಐದು, ಹನ್ನೊಂದು, ಸಂಜೆ ಐದು, ರಾತ್ರಿ ಹನ್ನೊಂದು. ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಎಲುಬು ಒತ್ತುವಲ್ಲಿ ಹುಣ್ಣಾಗುತ್ತದೆ. ಹಿಂಗಾಲುಗಳನ್ನು ಸೈಕಲ್ ತುಳಿಸಿದಂತೆ ಮಡಚಿ ಚಾಚಬೇಕು. ಆಹಾರದಲ್ಲಿ ಮೊಟ್ಟೆ ಇರಲೆಂದು ವೈದ್ಯರು ಬರೆದದ್ದು ನಮ್ಮಲ್ಲಿ ಸಣ್ಣ ಪ್ರಳಯವನ್ನೇ ಉಂಟುಮಾಡಿತು. ಪಕ್ಕದ ಮನೆಯ ಮರಾಠಿ ತಾಯಿ ತಮ್ಮ ಒಲೆಯ ಮೇಲೆ ಬೇಯಿಸಿ ತಂದು, ನಮ್ಮ ಹೊಸ್ತಿಲಿನ ಹೊರಗೆ ತಾವೇ ತಿನ್ನಿಸುವುದೆಂದು ಏರ್ಪಾಡಾಯಿತು. ನಾಯಿಗೆ ನಾಯಿಯ ಸ್ವಭಾವವನ್ನು ಕೊಟ್ಟವನು ನಾವಲ್ಲವಲ್ಲ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಜೀವಸ್ವಭಾವವು ಅನಾದಿ ಎಂದು ಜೀವಮಾನವಿಡೀ ಪಾಠ ಒಪ್ಪಿಸಿದ ನನಗೆ ಎದುರಾಡಲು ಬಾಯಿ ಬರಲಿಲ್ಲ.

ತೊಡಕಾದದ್ದು ಆಹ್ನಿಕಕ್ಕೆ. ಐದರ ಸೇವೆ ಮುಗಿಸಿ ಸ್ನಾನ ಮಾಡಿದರೆ ಸಂಧ್ಯಾವಂದನೆ, ದೇವರ ಪೂಜೆ ನಿರ್ವಿಘ್ನ. ಆದರೆ ಪೂಜೆ ದೀರ್ಘವಾದ ದಿನ ಹನ್ನೊಂದರ ಸೇವೆ ನೈವೇದ್ಯದ ನಡುವೆ ಬಂದು ನಿಲ್ಲುತ್ತಿತ್ತು. ಜಪಕ್ಕೆ ಕುಳಿತರೆ ಕಿವಿ ಗ್ಯಾಲರಿಯ ಕಡೆಗೆ. ಕಾರ್ತಿಕದ ಒಂದು ಸಂಜೆ, ಮಠದಲ್ಲಿ ಪ್ರವಚನ ಮುಗಿದ ಮೇಲೆ, ಅವಸರದಿಂದ ಎದ್ದ ನನ್ನನ್ನು ಹಿರಿಯ ಸ್ನೇಹಿತರೊಬ್ಬರು ತಡೆದು ಕಾರಣ ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ರಾಯರೇ, ಐದನೆಯ ಸ್ಕಂಧವನ್ನು ಮರೆತಿರಾ?" ಎಂದಷ್ಟೇ ಕೇಳಿದರು.

ಮರೆತಿರಲಿಲ್ಲ, ಆದರೂ ಮನೆಗೆ ಬಂದು ಭಾಗವತದ ಪಂಚಮಸ್ಕಂಧವನ್ನು ಮತ್ತೆ ತೆರೆದೆ. ಭರತಚಕ್ರವರ್ತಿ ರಾಜ್ಯವನ್ನು ಬಿಟ್ಟು, ಸಾಲಗ್ರಾಮಗಳು ದೊರೆಯುವ ಗಂಡಕೀತೀರದ ಪುಲಹಾಶ್ರಮದಲ್ಲಿ ಹರಿಯ ಆರಾಧನೆಯಲ್ಲಿದ್ದಾನೆ. ತುಂಬುಗರ್ಭದ ಹೆಣ್ಣುಜಿಂಕೆಯೊಂದು ಸಿಂಹದ ಗರ್ಜನೆಗೆ ಬೆದರಿ ನದಿಯನ್ನು ಹಾರುತ್ತದೆ, ಗರ್ಭ ಜಾರಿ ನೀರಿಗೆ ಬೀಳುತ್ತದೆ, ತಾಯಿ ಸಾಯುತ್ತದೆ. ತೇಲಿಹೋಗುತ್ತಿದ್ದ ಮರಿಯನ್ನು ರಾಜರ್ಷಿ ಎತ್ತಿಕೊಂಡು ಬಂದು ಸಾಕುತ್ತಾನೆ. ಒಂದೊಂದಾಗಿ ನಿಯಮಗಳು ಜಾರುತ್ತವೆ. ಪೂಜೆಯ ನಡುವೆ ಎದ್ದು ಹೋಗಿ ಮರಿಯನ್ನು ನೋಡಿ, ಹರಸಿ ಬರುತ್ತಾನೆ. ಅದು ಕಾಣದ ದಿನ ಧನ ಕಳೆದುಕೊಂಡವನಂತೆ ಹಲುಬುತ್ತಾನೆ. ಅದನ್ನೇ ನೆನೆಯುತ್ತ ದೇಹ ಬಿಟ್ಟು, ಜಿಂಕೆಯಾಗಿ ಹುಟ್ಟುತ್ತಾನೆ. ಪೂಜೆಯ ನಡುವೆ ಎದ್ದುಹೋಗುವ ಆ ಮಾತನ್ನು ಓದುವಾಗ ನನ್ನ ಮುಖಕ್ಕೆ ಬೆವರು ಬಂತು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಆದರೆ ಈ ಕಥೆಯಿಂದ, ಮರಿಯನ್ನು ನದಿಯಲ್ಲಿಯೇ ಬಿಡಬೇಕಾಗಿತ್ತು ಎಂಬ ಅರ್ಥ ಹೊರಡುವುದೇ? ಹಾಗೆ ಹೇಳಿದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಮರಿಯನ್ನು ಎತ್ತಿದ ದಿನ ಭರತ ತಪ್ಪಿದವನಲ್ಲ. ಮರಿ ಬೆಳೆಯಿತು, ಹುಲ್ಲು ಮೇಯಲು ಕಲಿಯಿತು, ಕಾಡಿಗೆ ತಾನೇ ಹೋಗಿ ಬರುವಷ್ಟಾಯಿತು. ಅದಕ್ಕೆ ಅವನ ಅಗತ್ಯ ತೀರಿದ ಮೇಲೂ ಅವನಿಗೆ ಅದರ ಅಗತ್ಯ ತೀರಲಿಲ್ಲ. ಆಪತ್ತಿನಲ್ಲಿದ್ದ ಜೀವಕ್ಕೆ ಸಲ್ಲಿಸಿದ ಸೇವೆ ಯಾವ ದಿನ 'ನನ್ನದು' ಎಂಬುದಕ್ಕೆ ಸಲ್ಲಿಸಿದ ಸೇವೆಯಾಯಿತೋ ಆ ದಿನವನ್ನು ಭಾಗವತ ಗುರುತಿಸುವುದಿಲ್ಲ. ಭರತನಿಗೂ ಅದು ತಿಳಿದಿರಲಾರದು. ಹೆದರಿಕೆಯಿರುವುದು ಅಲ್ಲಿಯೇ.

ಕಥೆಯ ಮುಂದಿನ ಭಾಗವನ್ನು ನಾವು ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ನೆನೆಯುವುದಿಲ್ಲ. ಜಿಂಕೆಯ ಜನ್ಮ ಕಳೆದು ಬ್ರಾಹ್ಮಣನಾಗಿ ಹುಟ್ಟಿದ ಭರತ, ಮತ್ತೆ ಸಂಗಕ್ಕೆ ಸಿಗಬಾರದೆಂದು ಜಡನಂತೆ ನಟಿಸುತ್ತಾನೆ. ರಹೂಗಣರಾಜನ ಆಳುಗಳು ಅವನನ್ನು ಹಿಡಿದು ಪಲ್ಲಕ್ಕಿ ಹೊರಿಸುತ್ತಾರೆ. ಉಳಿದವರ ಹೆಜ್ಜೆಗೆ ಅವನ ಹೆಜ್ಜೆ ಕೂಡದೆ ಪಲ್ಲಕ್ಕಿ ಓಲಾಡುತ್ತದೆ. ಏಕೆಂದರೆ ಅವನು ಒಂದು ಬಾಣದಷ್ಟು ದೂರದ ನೆಲವನ್ನು ನೋಡಿ ನೋಡಿ ಕಾಲಿಡುತ್ತಿದ್ದ. ಕ್ರಿಮಿಕೀಟಗಳು ಪಾದದಡಿ ಸಿಗಬಾರದೆಂದು ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಒಂದು ಪ್ರಾಣಿಯ ನಿಮಿತ್ತವಾಗಿ ಎರಡು ಜನ್ಮಗಳ ದಂಡ ತೆತ್ತವನು ದಯೆಯಿಂದಲೇ ಅನರ್ಥವಾಯಿತೆಂದು ತಿಳಿದಿದ್ದರೆ ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುತ್ತಿದ್ದನೇ? ಸ್ನೇಹಿತರಿಗೆ ಮುಂದಿನ ವಾರ ಇದನ್ನು ನಿವೇದಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇರುವೆಗೆ ಅವನು ಹೆಸರಿಟ್ಟಿರಲಿಲ್ಲ, ರಾಯರೇ" ಎಂದರು. ಅವರ ಮಾತಿಗೆ ಇಂದಿಗೂ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ಬಂಧುಗಳ ಆಕ್ಷೇಪ ಬೇರೆ ಬಗೆಯದು: "ಅದರ ಪ್ರಾರಬ್ಧ, ಅದು ಅನುಭವಿಸಲಿ." ಈ ಮಾತನ್ನಾಡಿದವರು ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅವರವರ ಪ್ರಾರಬ್ಧ ಅವರವರದೆಂಬುದು ಸಿದ್ಧಾಂತವೇ. ಆದರೆ ಇನ್ನೊಬ್ಬರ ಪ್ರಾರಬ್ಧದಲ್ಲಿ ಏನಿದೆಯೆಂಬುದು ನಮಗೆ ಕಾಣದು. ಮೋತಿಯ ಪ್ರಾರಬ್ಧದಲ್ಲಿ ಟೆಂಪೋ ಇದ್ದಂತೆ ಒಬ್ಬ ನಿವೃತ್ತ ರೇಲ್ವೆ ಅಧಿಕಾರಿಯೂ ಇದ್ದಿರಬಹುದಷ್ಟೆ. ಕಾಣದ ಕರ್ಮದ ಮೇಲೆ ಹೊರೆ ಹಾಕಿ, ಕಾಣುವ ಕರ್ತವ್ಯದಿಂದ ಪಾರಾಗುವುದಕ್ಕೆ ಆ ತತ್ತ್ವ ಹುಟ್ಟಿದ್ದಲ್ಲ.

ನಮ್ಮ ಹಿರಿಯರು ನಾಯಿಯನ್ನು ಒಳಗೆ ಬಿಟ್ಟವರಲ್ಲ ಎಂಬುದೂ ನಿಜ. ಸ್ಮೃತಿಗಳಲ್ಲಿ ನಾಯಿ ಅಸ್ಪೃಶ್ಯ. ಅದನ್ನು ಮರೆಮಾಡಿ ನಾನು ವಾದಿಸಲಾರೆ. ಆದರೆ ಅದೇ ಹಿರಿಯರು ದಿನನಿತ್ಯ ವೈಶ್ವದೇವದ ಅನಂತರ ಯಮನ ಶ್ಯಾಮ, ಶಬಲರೆಂಬ ಎರಡು ನಾಯಿಗಳ ಹೆಸರಿನಲ್ಲಿ ಅನ್ನವನ್ನು ತೆಗೆದಿಟ್ಟ ಬಳಿಕವೇ ಊಟಕ್ಕೆ ಕುಳಿತರು. ಹೊಸ್ತಿಲಿನ ಹೊರಗಿಡುವುದು ಬೇರೆ, ಹಸಿದಿರಲೆಂದು ಬಿಡುವುದು ಬೇರೆ ಎಂಬ ವಿವೇಕ ಅವರಿಗಿತ್ತು. ಕನ್ನಡ ನಾಡಿನ ಮಾತಾದರೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೋಡಬೇಕು. ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಬೂತುಗನ ಸೇವಕ ಮಣಲೇರನಿಗೆ, ಮೆಚ್ಚಿದೆ, ಬೇಡು ಎಂದಾಗ ಅವನು ಊರನ್ನು ಬೇಡಲಿಲ್ಲ, ಕಾಳಿ ಎಂಬ ನಾಯಿಯನ್ನು ಬೇಡಿದ. ಆ ನಾಯಿ ಹೆಬ್ಬಂದಿಯೊಂದರ ಮೇಲೆ ಬಿದ್ದು ಕಾದಾಡಿತು. ಎರಡೂ ಅಲ್ಲಿಯೇ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವೆಂದು ಕೆತ್ತಿಸಿದರು. ರಾಜರ ಪ್ರಶಸ್ತಿ ಮತ್ತು ನಾಯಿಯ ಕಾದಾಟ ಒಂದೇ ಕಲ್ಲಿನ ಮೇಲಿವೆ. ಇನ್ನು ಪಶುಚಿಕಿತ್ಸೆಯೂ ಪರದೇಶದಿಂದ ಬಂದ ವಿಲಾಸವಲ್ಲ. 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಪಶುವೈದ್ಯಕ್ಕೆ ಸ್ಥಾನವಿದೆ. ಚಾಲುಕ್ಯವಂಶದ ಕೀರ್ತಿವರ್ಮ ಗೋವೈದ್ಯವೆಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದ. ಇಂದು ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆ ಹುಟ್ಟಿದ್ದೂ 1889ರಲ್ಲಿ, ನಮ್ಮ ಈ ಪುಣೆಯ ವಿಜ್ಞಾನ ಕಾಲೇಜಿನ ಆವರಣದಲ್ಲಿಯೇ.

ಧರ್ಮರಾಜನ ಪ್ರಸಂಗಕ್ಕೆ ಬರುತ್ತೇನೆ. ಮಹಾಪ್ರಸ್ಥಾನಿಕಪರ್ವದಲ್ಲಿ ಇಂದ್ರ ರಥವನ್ನು ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಏರೆನ್ನುತ್ತಾನೆ. ನಾಯಿಯನ್ನು ಸಾಕಿದವರಿಗೆ ಸ್ವರ್ಗದಲ್ಲಿ ಸ್ಥಾನವೇ ಇಲ್ಲ, ಅವರ ಇಷ್ಟಾಪೂರ್ತಗಳ ಪುಣ್ಯವನ್ನು ಕ್ರೋಧವಶರೆಂಬ ಗಣಗಳು ಹೊತ್ತೊಯ್ಯುತ್ತವೆ ಎಂದು ಬೆದರಿಸುತ್ತಾನೆ. ನನ್ನಂಥ ಸಂಸಾರಿಗಳು ಗಮನಿಸಬೇಕಾದ ಮಾತು. ಅಷ್ಟಕ್ಕೆ ನಿಲ್ಲದೆ ಚುಚ್ಚುತ್ತಾನೆ: ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟು ಬಂದವನಿಗೆ ಈ ನಾಯಿಯನ್ನು ಬಿಡಲು ಏನು ಅಡ್ಡಿ? ಇದಕ್ಕೆ ಧರ್ಮರಾಜ ಕೊಡುವ ಉತ್ತರವನ್ನು ನಾನು ಮೂವತ್ತು ವರ್ಷಗಳಿಂದ ಓದುತ್ತಿದ್ದೇನೆ. ಈ ಸಲ ಓದಿದಂತೆ ಎಂದೂ ಓದಿರಲಿಲ್ಲ. ಅವರು ಸತ್ತಿದ್ದರು, ಸತ್ತವರನ್ನು ಬದುಕಿಸುವುದು ನನ್ನಿಂದಾಗದು, ಆದುದರಿಂದ ಬಿಟ್ಟೆ. ಜೀವದಿಂದಿರುವಾಗ ಬಿಟ್ಟವನಲ್ಲ, ಎನ್ನುತ್ತಾನೆ. ನಂಬಿದವರನ್ನು ಬಿಡುವುದು ಶರಣಾಗತನನ್ನು ಹೆದರಿಸುವುದಕ್ಕೆ, ಮಿತ್ರದ್ರೋಹಕ್ಕೆ ಸಮ ಎನ್ನುತ್ತಾನೆ. ನಾಯಿ ತನ್ನದು, ಅದಿಲ್ಲದೆ ತಾನಿರಲಾರೆ ಎಂಬ ಮಾತು ಅಲ್ಲೆಲ್ಲಿಯೂ ಇಲ್ಲ. ಭರತನ ಬಾಯಲ್ಲಿ ಅದೊಂದೇ ಮಾತು. ಇಬ್ಬರ ಮುಂದೆಯೂ ಇದ್ದದ್ದು ಒಂದು ಪಶುವೇ. ಒಬ್ಬ ತನ್ನ ದುಃಖವನ್ನು ನೋಡಿದ, ಇನ್ನೊಬ್ಬ ಅದರ ನಂಬಿಕೆಯನ್ನು ನೋಡಿದ.

ಓದುವಾಗ ಇದು ಸ್ಪಷ್ಟ. ರಾತ್ರಿ ಹನ್ನೊಂದಕ್ಕೆ ಗ್ಯಾಲರಿಯಲ್ಲಿ ಕುಳಿತವನಿಗೆ ಅಷ್ಟು ಸ್ಪಷ್ಟವಿಲ್ಲ. ಎದೆಗೂ ಪೆಟ್ಟಾಗಿರಬಹುದು, ಮಲಗಿದಾಗ ನಿಮಿಷಕ್ಕೆ ಉಸಿರೆಷ್ಟು ಎಣಿಸಿರಿ, ಮೂವತ್ತು ಮೀರಿದರೆ ತಿಳಿಸಿರಿ ಎಂದು ವೈದ್ಯರು ಹೇಳಿದ್ದರು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಅದರ ಪಕ್ಕೆಯ ಮೇಲೆ. ಇಪ್ಪತ್ತು, ಇಪ್ಪತ್ತೆರಡು. ಪ್ರತಿಯೊಂದು ಜೀವದಲ್ಲಿಯೂ ನಿಂತು ಹಗಲಿರುಳಿನಲ್ಲಿ 21,600 ಸಲ ಹಂಸಮಂತ್ರವನ್ನು ಜಪಿಸುತ್ತ ಉಸಿರಾಡಿಸುವವನು ಮುಖ್ಯಪ್ರಾಣನೆಂದು ನಮಗೆ ಬಾಲ್ಯದಿಂದ ಹೇಳಿಕೊಟ್ಟಿದ್ದಾರೆ. ಪಂಡಿತರು ಗೋವಿನಲ್ಲಿ, ಆನೆಯಲ್ಲಿ, ನಾಯಿಯಲ್ಲಿ ಸಮನಾದುದನ್ನು ಕಾಣುತ್ತಾರೆಂಬ ಗೀತೆಯ ಮಾತಿಗೆ, ಜೀವರೆಲ್ಲ ಸಮರೆಂದಲ್ಲ, ಎಲ್ಲರೊಳಗೂ ನ್ಯೂನಾಧಿಕವಿಲ್ಲದೆ ನಿಂತ ಪರಮಾತ್ಮನು ಸಮನೆಂದು ಆಚಾರ್ಯರು ತಿಳಿಸಿದ್ದಾರೆ. ಮೋತಿ ನನಗೆ ಸಮನಲ್ಲ. ತಾರತಮ್ಯವನ್ನು ಬಿಟ್ಟು ನಾನು ಮಾತನಾಡುತ್ತಿಲ್ಲ. ಆದರೆ ಆ ಪಕ್ಕೆಯಡಿ ಏರಿಳಿಯುತ್ತಿದ್ದ ಉಸಿರು ಯಾರದೆಂದು ಎಣಿಸುವಾಗ, ಅರ್ಧಕ್ಕೆ ನಿಂತ ಜಪ ಅಲ್ಲಿಯೇ ಮುಂದುವರಿಯಿತೆಂದು ಅನ್ನಿಸಿದ ರಾತ್ರಿಗಳುಂಟು. ಬರಿಯ ಚಿಂತೆಯಿಂದ ಎಣಿಸಿದ ರಾತ್ರಿಗಳೇ ಹೆಚ್ಚು, ಅದನ್ನೂ ಹೇಳಬೇಕು.

ಐದನೆಯ ವಾರ ಮೋತಿ ಊಟ ಬಿಟ್ಟಿತು. ಮೂತ್ರದಲ್ಲಿ ಸೋಂಕಾಗಿ ಜ್ವರ. ಎಡ ತೊಡೆಯ ಮೇಲೆ, ನಾವು ಎಷ್ಟು ಜಾಗ್ರತೆ ವಹಿಸಿದರೂ, ಹುಣ್ಣು. ಮೊದಲ ದಿನ ಮೊಸರನ್ನ ಬೇಡವೆಂದಿತು, ಎರಡನೆಯ ದಿನ ಮೊಟ್ಟೆಯನ್ನೂ. ಗ್ಯಾಂಗ್‌ಮನ್ ಹೇಳಿದ ದಿವಸ ಬಂದಿತ್ತು. ಮಗ ಮೆಲ್ಲಗೆ, "ಅಪ್ಪಾ, ನಮ್ಮ ಸಲುವಾಗಿ ಅದನ್ನು ಇಟ್ಟುಕೊಂಡಿದ್ದೇವೇನು?" ಎಂದು ಕೇಳಿದ. ಅವನು ಐದನೆಯ ಸ್ಕಂಧವನ್ನು ಓದಿದವನಲ್ಲ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ 13ನೆಯ ಕಲಮು, ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದುಂಟೆಂದು ಒಪ್ಪಿಕೊಳ್ಳುತ್ತದೆ. ಮನುಷ್ಯರ ವಿಷಯ ಬೇರೆ. ಆದರೂ ಒಂದು ಪ್ರಕರಣ ನನ್ನ ಮನಸ್ಸಿಗೆ ಬಂತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ದಾದಿಯಾಗಿ ಹೋದ ಅರುಣಾ ಶಾನಭಾಗ, 1973ರಲ್ಲಿ ದುಷ್ಟನೊಬ್ಬನ ಕೈಗೆ ಸಿಕ್ಕು ಪ್ರಜ್ಞೆಗೆಟ್ಟು, 2015ರವರೆಗೆ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮಲಗಿದ್ದರು. ದಯಾಮರಣವನ್ನು ಕೋರಿ ಹೊರಗಿನವರು ಅರ್ಜಿ ಹಾಕಿದಾಗ, ಅವರನ್ನು ತಲೆಮಾರುಗಳಿಂದ ನೋಡಿಕೊಂಡ ದಾದಿಯರು ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ತಳ್ಳಿಹಾಕಿ, ಆಸ್ಪತ್ರೆಯ ಆ ಸಿಬ್ಬಂದಿಯನ್ನೇ ಅವರ ನಿಜವಾದ ಆಪ್ತರೆಂದು ಪರಿಗಣಿಸಿತು. ಇಂಥ ಮಾತನ್ನಾಡುವ ಅಧಿಕಾರ ಯಾರದೆಂಬುದಕ್ಕೆ ನನಗೆ ಅಲ್ಲಿ ಒಂದು ದಾರಿ ಕಂಡಿತು. ಮಗ್ಗುಲು ಹೊರಳಿಸಿದ ಕೈಗಳು ಹೇಳಬೇಕು. ಹಾಗಾದರೆ ಇಲ್ಲಿ ಹೇಳಬೇಕಾದವನು ನಾನೇ. ಬೇರೆಯವರು ಹೇಳಿದ್ದರೆ ಸುಲಭವಿತ್ತು. ನೋವು ತಗ್ಗಿಸುವ ಉಪಾಯವೇ ಉಳಿಯದ ಪ್ರಾಣಿಗೆ ಆ ಸೂಜಿಮದ್ದನ್ನು ಕೊಡಿಸಿದ ಮನೆಗಳನ್ನು ನಾನು ಬಲ್ಲೆ. ಅವರನ್ನು ಹಿಂಸಕರೆಂದು ಕರೆಯಲು ನನ್ನ ನಾಲಿಗೆ ಏಳದು. ನನ್ನ ಮುಂದಿದ್ದದ್ದು ಜ್ವರ, ಅದಕ್ಕೆ ಮದ್ದಿತ್ತು. ಸೋಂಕಿನ ಔಷಧಕ್ಕೆ ಇನ್ನೆರಡು ದಿನ ಕೊಡೋಣ ಎಂದೆ. ಆ ಎರಡು ದಿನ ಕೇಳಿದ್ದು ಅದರ ಸಲುವಾಗಿಯೋ ನನ್ನ ಸಲುವಾಗಿಯೋ ಎಂದು ಈಗಲೂ ನಿಶ್ಚಯಿಸಲಾರೆ.

ನಾಲ್ಕನೆಯ ದಿನ ಬೆಳಿಗ್ಗೆ ಮೊಮ್ಮಗಳು ಶಾಲೆಗೆ ಹೊರಟು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಳು. ಬಿಸ್ಕೀಟನ್ನು ಕೆಳಗಿಟ್ಟಿದ್ದಳು. ಮೋತಿ ಮುಂಗಾಲುಗಳಿಂದ ಮೈಯನ್ನು ಎಳೆದುಕೊಂಡು ಹಾಸಿಗೆ ಬಿಟ್ಟು ಹೊರಬಂದು, ಅದನ್ನು ತಿಂದಿತು. "ಅಜ್ಜಾ, ನನ್ನ ಬಿಸ್ಕೀಟು ತಿಂತು!" ಎಂದು ಅವಳು ಕೂಗಿದ್ದು ಕೇಳಿ ನಾನು ದೇವರ ಕೋಣೆಯಲ್ಲಿದ್ದವನು ಘಂಟೆಯನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಕುಳಿತೆ. ಏಳಲಿಲ್ಲ. ಅಂದು ಏಳದಿರುವುದಕ್ಕೆ ಎಷ್ಟು ಬಲ ಬೇಕಾಯಿತೆಂಬುದು ದೇವರಿಗೆ ಗೊತ್ತು.

ಈ ಪ್ರಾಣಿಯನ್ನು ನೋಡುತ್ತ ನಾನು ಕಂಡದ್ದೊಂದಿದೆ. ನಿನ್ನೆ ಓಡುತ್ತಿದ್ದೆ, ಇಂದು ತೆವಳುತ್ತಿದ್ದೇನೆ ಎಂಬ ಲೆಕ್ಕ ಅದರಲ್ಲಿ ಇದ್ದಂತೆ ತೋರಲಿಲ್ಲ. ಇರುವ ಎರಡು ಕಾಲುಗಳಿಂದ ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಹೋಗುವುದು, ದಣಿದಲ್ಲಿ ಮಲಗುವುದು, ಎದ್ದು ಮತ್ತೆ ಹೋಗುವುದು. ಹೋರಾಟವೆಂದು ನಾವು ಹೆಸರಿಡುತ್ತೇವೆ. ಅದಕ್ಕೆ ಬಾಗಿಲಿನವರೆಗೆ ಹೋಗಬೇಕಾಗಿತ್ತು, ಅಷ್ಟೆ. ಹೊಟ್ಟೆಯಡಿ ಟವೆಲು ಹಾಕಿ ಹಿಂಭಾಗವನ್ನು ಎತ್ತಿ ಹಿಡಿದು ನಡೆಸುವ ಅಭ್ಯಾಸವನ್ನು ಏಳನೆಯ ವಾರ ಆರಂಭಿಸಿದೆವು. ಸಂಕ್ರಾಂತಿಯ ಹೊತ್ತಿಗೆ ಬಲಗಾಲು ನೆಲಕ್ಕೆ ಊರಿತು. ಎಡಗಾಲು ಎಳೆಯುತ್ತದೆ, ಬೆರಳುಗಳ ಬೆನ್ನು ನೆಲಕ್ಕೆ ಉಜ್ಜಿ ಗಾಯವಾಗದಂತೆ ಸೊಸೆ ಹಳೆಯ ಕಾಲುಚೀಲದಿಂದ ಒಂದು ಗವಸು ಹೊಲಿದಿದ್ದಾಳೆ. ವೈದ್ಯರು ಅದು ಹಾಗೆಯೇ ಉಳಿಯಬಹುದು ಎಂದಿದ್ದಾರೆ. ಮೂತ್ರ ತಾನಾಗಿ ಹೋಗುತ್ತಿದೆ. ಒತ್ತಬೇಕಾಗಿಲ್ಲ.

ರಥಸಪ್ತಮಿಯ ಸಂಜೆ ಟವೆಲು ಹಿಡಿದು ಪಡಸಾಲೆಯಲ್ಲಿ ನಡೆಸುತ್ತಿದ್ದೆ. ಎಂದಿನ ಭಾರ ಕೈಗೆ ಬರಲಿಲ್ಲ. ನೋಡಿದರೆ ಮೋತಿ ಟವೆಲಿನಿಂದ ಮುಂದೆ ಹೋಗಿ, ಓಲಾಡುತ್ತ, ದೇವರ ಕೋಣೆಯ ಹೊಸ್ತಿಲಿಗೆ ನಾಲ್ಕು ಮೊಳ ಈಚೆ ತನ್ನ ಸ್ಥಳದಲ್ಲಿ ಮಲಗಿತ್ತು. ನಾನು ಟವೆಲಿನ ಎರಡೂ ತುದಿಗಳನ್ನು ಹಿಡಿದು ಪಡಸಾಲೆಯ ನಡುವೆ ನಿಂತಿದ್ದೆ. ಮೊಮ್ಮಗಳು ನಕ್ಕಳು.

ರಾತ್ರಿ ಹನ್ನೊಂದಕ್ಕೆ ಈಗಲೂ ಎಚ್ಚರವಾಗುತ್ತದೆ. ಅದಕ್ಕೆ ನನ್ನಿಂದ ಆಗಬೇಕಾದದ್ದು ಏನೂ ಇಲ್ಲ. ಮಲಗಿದಲ್ಲಿಯೇ ಕಿವಿಗೊಟ್ಟರೆ ಗ್ಯಾಲರಿಯಿಂದ ಉಸಿರು ಕೇಳುತ್ತದೆ. ಕೆಲವೊಮ್ಮೆ ಕಲ್ಲಿನ ಮೇಲೆ ಎಡಗಾಲು ಎಳೆದ ಸದ್ದು. ಮೊನ್ನೆ ಎದ್ದು ಹೋಗಲಿಲ್ಲ. ನಿನ್ನೆ ಎದ್ದು ಹೋಗಿ ನೋಡಿ ಬಂದೆ.